ಅಮ್ಮನ ವರ್ಷಾಬ್ದಿಕ ಮುಗಿದ ಸಂದರ್ಭದಲ್ಲಿ ಕೃತಜ್ಞತೆಗಳು

ವಿಶ್ವಾವಸು ಸಂವತ್ಸರದ ಆಷಾಢ ಮಾಸದಲ್ಲಿ ನಮ್ಮನ್ನು ಅಗಲಿದ ಅಮ್ಮನ ವರ್ಷಾಬ್ದಿಕವು ಪರಾಭವ ಸಂವತ್ಸರದ ಅದೇ ತಿಥಿಯಂದು ಮೈಸೂರಿನ ನಮ್ಮ ಮನೆಯಲ್ಲಿ ವಿಧಿಪೂರ್ವಕವಾಗಿ ನೆರವೇರಿತು. ದರ್ಭೆ ಹಿಡಿದು ಕುಳಿತವನು ಹಿರಿಯ ಮಗನಾದ ನಾನೊಬ್ಬನೇ ಆದರೂ, ಈ ವರ್ಷ ನಡೆದ ಕರ್ಮಗಳಲ್ಲಿ ನನ್ನೊಬ್ಬನಿಂದಲೇ ಆದದ್ದು ಒಂದೂ ಇಲ್ಲ. ಕೈಗೂಡಿಸಿದವರೆಲ್ಲರ ಮನೆಗೂ ಹೋಗಿ ಹೇಳಬೇಕಾದ ಮಾತು ಇದು. ಎಲ್ಲರನ್ನೂ ತಲುಪುವುದು ತಡವಾಗಬಹುದೆಂದು ಮೊದಲು ಬರಹದಲ್ಲಿ ಹೇಳುತ್ತಿದ್ದೇನೆ.

ಮೊದಲ ನಮಸ್ಕಾರ ನಮ್ಮ ಪುರೋಹಿತರಿಗೆ. ಮೊದಲ ವರ್ಷ ತಿಂಗಳು ತಿಂಗಳೂ ಮಾಡುವ ಶ್ರಾದ್ಧಗಳಾದ ಮಾಸಿಕಗಳು, ನಡುನಡುವೆ ಬರುವ ಊನಮಾಸಿಕ, ತ್ರೈಪಕ್ಷಿಕ, ಊನಷಾಣ್ಮಾಸಿಕ, ಊನಾಬ್ದಿಕಗಳೂ ಸೇರಿ ಹದಿನಾರು. ಈ ಬಾರಿ ಅಧಿಕ ಜ್ಯೇಷ್ಠ, ಅಂದರೆ ಹೆಚ್ಚುವರಿಯಾಗಿ ಇನ್ನೊಂದು ಜ್ಯೇಷ್ಠ ಮಾಸ, ಬಂದದ್ದರಿಂದ ಇನ್ನೊಂದು ಸೇರಿಕೊಂಡಿತು. ಪ್ರತಿಯೊಂದರ ತಿಥಿಯನ್ನೂ ಅವರೇ ಪಂಚಾಂಗ ನೋಡಿ ವಾರ ಮೊದಲೇ ತಿಳಿಸುತ್ತಿದ್ದರು. ಜನಿವಾರವನ್ನು ಯಾವಾಗ ಬಲ ಹೆಗಲಿಗೆ ಹಾಕಿ ಅಪಸವ್ಯ ಮಾಡಿಕೊಳ್ಳಬೇಕು, ಎಳ್ಳುನೀರನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನಿಂದಲೇ ಏಕೆ ಬಿಡಬೇಕು ಎಂದು ನಾನು ಕೇಳಿದ ಪ್ರಶ್ನೆಗಳಿಗೆಲ್ಲ, ಮುಂದಿನ ಮನೆಗೆ ಹೋಗುವ ಅವಸರವಿದ್ದಾಗಲೂ, ಅವರು ತಾಳ್ಮೆಯಿಂದ ಉತ್ತರಿಸಿದರು. ಅರ್ಥ ತಿಳಿದು ಮಾಡುವ ಕರ್ಮದಲ್ಲಿ ದುಃಖಕ್ಕೂ ಒಂದು ನೆಲೆ ಸಿಗುತ್ತದೆ ಎಂಬುದನ್ನು ನಾನು ಕಂಡುಕೊಂಡದ್ದು ಅವರ ಮುಂದೆ ಕುಳಿತಾಗ.

ನನ್ನ ಸೋದರತ್ತೆಗೆ ಸಲ್ಲಬೇಕಾದದ್ದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ತೀರಿಕೊಂಡವರನ್ನು ಪಿತೃಗಳ ಸಾಲಿಗೆ ಸೇರಿಸುವ ಹನ್ನೆರಡನೆಯ ದಿನದ ಸಪಿಂಡೀಕರಣದಲ್ಲಿ ಅಮ್ಮನಿಗಾಗಿ ಉದ್ದವಾಗಿ ಕಟ್ಟಿದ ಪಿಂಡವನ್ನು ದರ್ಭೆಯಿಂದ ಮೂರು ಭಾಗ ಮಾಡಿ, ಅಜ್ಜಿ, ಮುತ್ತಜ್ಜಿ ಮತ್ತು ಮುತ್ತಜ್ಜಿಯ ಅತ್ತೆ, ಈ ಮೂವರ ಪಿಂಡಗಳೊಳಗೆ ಒಂದೊಂದು ಭಾಗವನ್ನು ಸೇರಿಸುವುದು ನಮ್ಮ ಮನೆತನದ ಪದ್ಧತಿ. ಮೂವರ ಹೆಸರನ್ನೂ ಗೋತ್ರದೊಡನೆ ಉಚ್ಚರಿಸಬೇಕು. ಗಂಡಸರ ಹೆಸರುಗಳಾದರೆ ಅಪ್ಪನ ಹಳೆಯ ಪುಸ್ತಕದಲ್ಲಿ ಏಳು ತಲೆಮಾರಿನವರೆಗೂ ಇದ್ದವು. ಹೆಂಗಸರ ಹೆಸರು ಮುತ್ತಜ್ಜಿಯ ಆಚೆಗೆ ಎಲ್ಲಿಯೂ ಇರಲಿಲ್ಲ. ಹೆಸರು ತಿಳಿಯದಿದ್ದರೂ ಕರ್ಮ ನಿಲ್ಲದಂತೆ ಶಾಸ್ತ್ರದಲ್ಲಿ ದಾರಿಯಿದೆ ಎಂದು ಪುರೋಹಿತರು ಸಮಾಧಾನ ಹೇಳಿದ್ದರು. ಆದರೂ ಹನ್ನೊಂದನೆಯ ದಿನದ ರಾತ್ರಿ ಅತ್ತೆಗೆ ಫೋನ್ ಮಾಡಿದಾಗ, ತೊಂಬತ್ತರ ಹತ್ತಿರದ ಅವರು ಒಂದು ಕ್ಷಣವೂ ತಡೆಯದೆ ಆ ಹೆಸರನ್ನು ಹೇಳಿಬಿಟ್ಟರು. ಹುಡುಗಿಯಾಗಿದ್ದಾಗ ಶ್ರಾದ್ಧದ ದಿನ ಬಾಳೆಲೆ ಒರೆಸಿಡುತ್ತಾ, ತಮ್ಮ ತಾತ ತಾಯಿಯನ್ನು ನೆನೆದು ಸಂಕಲ್ಪದಲ್ಲಿ ಹೇಳುತ್ತಿದ್ದ ಹೆಸರನ್ನು ಬಾಗಿಲಾಚೆಯಿಂದ ಕೇಳಿಸಿಕೊಂಡು ಇಷ್ಟು ಕಾಲ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರಂತೆ. ಅಮ್ಮನೂ ಸೇರಿ ಆ ನಾಲ್ವರೂ ಬೇರೆ ಬೇರೆ ಊರುಗಳಿಂದ ಈ ಮನೆಗೆ ಸೊಸೆಯರಾಗಿ ಬಂದವರು. ಮಾರನೆಯ ದಿನ ಆ ಹೆಸರನ್ನು ಉಚ್ಚರಿಸಿ ಪಿಂಡಗಳನ್ನು ಕೂಡಿಸಿದಾಗ, ಅಮ್ಮ ಒಬ್ಬಂಟಿಯಾಗಿ ಹೋಗಲಿಲ್ಲ, ತನ್ನ ಅತ್ತೆಯರ ಸಾಲಿಗೆ ಸೇರಿಕೊಂಡಳು ಎಂಬ ನೆಮ್ಮದಿ ನನಗೆ ದೊರೆಯಿತು. ಅತ್ತೆ, ನಿಮ್ಮ ಈ ಋಣ ತೀರುವಂಥದ್ದಲ್ಲ.

ಅಮ್ಮನೊಬ್ಬಳನ್ನೇ ಉದ್ದೇಶಿಸಿ ಮಾಡಿದ ಹನ್ನೊಂದನೆಯ ದಿನದ ಏಕೋದ್ದಿಷ್ಟ ಶ್ರಾದ್ಧಕ್ಕೆ ಭೋಕ್ತೃವಾಗಿ, ಅಂದರೆ ಅವಳ ಪರವಾಗಿ ಉಣ್ಣುವವರಾಗಿ, ಕುಳಿತ ಹಿರಿಯರಿಗೆ ಸಾಷ್ಟಾಂಗ ಪ್ರಣಾಮಗಳು. ಪ್ರೇತೋದ್ದೇಶದ ಆ ಊಟವನ್ನು ಸ್ವೀಕರಿಸಿದವರು ಬಳಿಕ ಗಾಯತ್ರೀ ಜಪದಿಂದ ಅದರ ಭಾರವನ್ನು ಕಳೆದುಕೊಳ್ಳಬೇಕಾಗುತ್ತದೆ. ಹಾಗಾಗಿ ಆ ಸ್ಥಾನಕ್ಕೆ ಒಪ್ಪುವವರು ಬಹಳ ಕಡಿಮೆ. ಒಪ್ಪಿದವರನ್ನು ಮಂಗಳ ಕಾರ್ಯಗಳಿಗೆ ಕರೆಯಲು ನಮ್ಮ ಜನ ಹಿಂದೆಮುಂದೆ ನೋಡುವುದೂ ಉಂಟು. ಇದು ನ್ಯಾಯವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ನಮ್ಮ ತಾಯಿಯ ಹಸಿವನ್ನು ತಮ್ಮ ಮೇಲೆ ಹೊತ್ತುಕೊಂಡು ಉಂಡವರನ್ನು ಮನೆಯ ಶುಭಕಾರ್ಯಗಳಲ್ಲಿ ಮೊದಲ ಸಾಲಿನಲ್ಲಿ ಕೂರಿಸಬೇಕು, ನಮ್ಮ ಮನೆಯಲ್ಲಿ ಇನ್ನು ಮುಂದೆ ಹಾಗೆಯೇ ನಡೆಯುತ್ತದೆ.

ಚಿತಾಗಾರದಲ್ಲಿ ಮಳೆಯ ನಡುವೆ ಕಟ್ಟಿಗೆಯನ್ನು ಒದ್ದೆಯಾಗದಂತೆ ಕಾಪಾಡಿ, ಅಸ್ಥಿಸಂಚಯನದ ದಿನ ಬೂದಿಯನ್ನು ತಣಿಸಿ ಸಿದ್ಧಮಾಡಿಟ್ಟಿದ್ದ ಕೆಲಸಗಾರರನ್ನು, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ತುಂಬಿ ಹರಿಯುತ್ತಿದ್ದ ಕಾವೇರಿಗೆ ಇಳಿಯುವಾಗ ನನ್ನ ತೋಳು ಹಿಡಿದು ನಿಂತ ಭಾವನನ್ನು, ಹತ್ತನೆಯ ದಿನ ಅಮ್ಮನಿಗೆ ಧರ್ಮೋದಕದ ಎಳ್ಳುನೀರು ಬಿಡಲು ದೂರದ ಊರುಗಳಿಂದ ಬಂದ ಬಂಧುಗಳನ್ನು ನೆನೆಯುತ್ತೇನೆ. ಕೊನೆಯ ದಿನಗಳಲ್ಲಿ ಅಮ್ಮನಿಗೆ ಗಂಜಿ ಕುಡಿಸಿ, ಮಗ್ಗುಲು ಬದಲಿಸಿ ಆರೈಕೆ ಮಾಡಿದವಳು ಅಕ್ಕ. ಕರ್ಮದ ಅಧಿಕಾರ ನನಗೆ ಬಂದಿರಬಹುದು, ಸೇವೆಯ ಪುಣ್ಯ ಅವಳದು.

ಪ್ರತಿ ವರ್ಷ ಅಪ್ಪನ ಶ್ರಾದ್ಧದ ಅಡುಗೆಯನ್ನು ಅಮ್ಮನೇ ಮಡಿಯಲ್ಲಿ ಮಾಡುತ್ತಿದ್ದಳು. ಅವಳದೇ ಶ್ರಾದ್ಧಕ್ಕೆ ಆ ಒಲೆಯ ಮುಂದೆ ನಿಂತವರು ನನ್ನ ಹೆಂಡತಿ ಮತ್ತು ಅಡುಗೆಗೆ ಬಂದ ದಂಪತಿಗಳು. ಮೆಣಸಿನಕಾಯಿಯ ಬದಲು ಕರಿಮೆಣಸು ಹಾಕಿದ ಹುಳಿ, ಬಾಳೆಕಾಯಿ ಪಲ್ಯ, ಹಾಗಲಕಾಯಿ, ಉದ್ದಿನ ವಡೆ, ಎಳ್ಳುಂಡೆ, ಪಾಯಸ ಎಲ್ಲವೂ ಅಮ್ಮನ ಕೈಯ ಕ್ರಮದಲ್ಲಿಯೇ ಆಗಬೇಕೆಂದು ಅಡುಗೆಯಾಕೆ ಹಿಂದಿನ ದಿನವೇ ನನ್ನ ಹೆಂಡತಿಯನ್ನು ಕೂರಿಸಿಕೊಂಡು ಕೇಳಿ ತಿಳಿದುಕೊಂಡಿದ್ದರು. ಅಪರಾಹ್ಣದಲ್ಲಿ ಪಿಂಡಪ್ರದಾನ ಮುಗಿಯುವವರೆಗೆ ಯಾರೂ ಉಣ್ಣುವಂತಿಲ್ಲವಾದ್ದರಿಂದ, ಮಧುಮೇಹ ಇರುವ ಚಿಕ್ಕಪ್ಪನವರೂ ಸೇರಿದಂತೆ ಬಂದವರೆಲ್ಲ ಕಾದು ಕುಳಿತರು. ಬಾಳೆಲೆಯನ್ನೂ ಬಾಳೆಕಾಯಿಯನ್ನೂ ಪ್ರತಿ ಮಾಸಿಕಕ್ಕೂ ತಮ್ಮ ಹಿತ್ತಲಿನಿಂದಲೇ ಕೊಯ್ದು ಕೊಟ್ಟ ಪಕ್ಕದ ಮನೆಯ ತಾಯಿ ಒಮ್ಮೆಯೂ ಹಣ ಮುಟ್ಟಲಿಲ್ಲ. "ನಿಮ್ಮಮ್ಮ ನನಗೆ ಅಕ್ಕ ಇದ್ದ ಹಾಗೆ" ಎಂದಷ್ಟೇ ಹೇಳಿದರು.

ಮೊದಲ ವರ್ಷ ಕಳೆಯುವವರೆಗೆ ಪಕ್ಷ, ಅಂದರೆ ಪಿತೃಪಕ್ಷದ ಮಹಾಲಯ ಶ್ರಾದ್ಧ, ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲ. ಆದ್ದರಿಂದ 2026ರ ಅಕ್ಟೋಬರ್ 10ರ ಮಹಾಲಯ ಅಮಾವಾಸ್ಯೆಯಂದು ಅಮ್ಮನ ಹೆಸರು ಮೊದಲ ಬಾರಿಗೆ ಮಹಾಲಯದ ತರ್ಪಣದಲ್ಲಿ ಸೇರುತ್ತದೆ. ಅಂದು ತಂದೆತಾಯಿಯರ ವಂಶದವರಿಗೆ ಮಾತ್ರವಲ್ಲದೆ ಗುರುಗಳಿಗೆ, ಸ್ನೇಹಿತರಿಗೆ, ಆಪ್ತರಿಗೆ, ನೀರು ಬಿಡುವವರು ಯಾರೂ ಇಲ್ಲದವರಿಗೆ ಸಹ ಎಳ್ಳುನೀರು ಬಿಡುವುದುಂಟು. ನಮಗೆ ನೆರವಾದ ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಾಗೆ ನೆನೆಯಬೇಕಾದ ಹಿರಿಯರಿದ್ದರೆ, ಅವರ ಹೆಸರನ್ನೂ, ಗೊತ್ತಿದ್ದರೆ ಗೋತ್ರವನ್ನೂ ದಯವಿಟ್ಟು ನನಗೆ ತಿಳಿಸಿ. ಅತ್ತೆ ಹೇಳಿದ ಹೆಸರನ್ನು ಬರೆದಿಟ್ಟಿರುವ ಪುಸ್ತಕದಲ್ಲಿಯೇ ಅವನ್ನೂ ಬರೆದುಕೊಂಡು, ಅಂದು ಅಮ್ಮನಿಗೆ ಬಿಟ್ಟ ಬಳಿಕ ಅವರಿಗೂ ತರ್ಪಣ ಬಿಡುತ್ತೇನೆ.