ಮೂರನೇ ತೂತಿನಲ್ಲಿ ಏನೂ ಇರಲಿಲ್ಲ

ಮಾನ್ಯ ಸಂಪಾದಕರೇ,

ಮನೆಗೆ ಬೆಂಕಿ ಬಿದ್ದ ಸುದ್ದಿ, ಗೀಸರಿನಿಂದ ಶಾಕ್ ಹೊಡೆದ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಕೊನೆಯ ಸಾಲು ಒಂದೇ: ‘ಶಾರ್ಟ್ ಸರ್ಕ್ಯೂಟ್ ಕಾರಣ ಎಂದು ಶಂಕಿಸಲಾಗಿದೆ.’ ಅಲ್ಲಿಗೆ ಸುದ್ದಿ ಮುಗಿಯಿತು. ಆ ಮನೆಯ ವೈರಿಂಗ್ ಯಾವ ಕಾಲದ್ದು, ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ತ್ ಇತ್ತೋ ಇಲ್ಲವೋ, ಯಾರೂ ಕೇಳುವುದಿಲ್ಲ. ಹೋದ ವರ್ಷದವರೆಗೆ ನಾನೂ ಕೇಳಿರಲಿಲ್ಲ ಅನ್ನಿ.

ನಮ್ಮದು ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿ ಮಾವನವರು 1964ರಲ್ಲಿ ಕಟ್ಟಿಸಿದ ಮನೆ. ಕೆಂಪು ಗಾರೆ ನೆಲ, ಮದ್ರಾಸ್ ತಾರಸಿ. ಗೋಡೆಯ ಮೇಲೆ ತೇಗದ ಪಟ್ಟಿ, ಪಟ್ಟಿಗೆ ತಗಡಿನ ಕ್ಲಿಪ್ಪು ಹೊಡೆದು ಕೂರಿಸಿದ ವೈರು. ಟಪ್ಪೆಂದು ಸದ್ದು ಮಾಡುವ ಕರಿ ಗುಂಡು ಸ್ವಿಚ್ಚುಗಳು. ಆ ಸದ್ದಿನ ಮೇಲೇ ಯಾರು ಯಾವ ಕೋಣೆಯಲ್ಲಿ ಇನ್ನೂ ಮಲಗಿಲ್ಲ ಅಂತ ನಮ್ಮತ್ತೆ ಹೇಳಿಬಿಡುತ್ತಿದ್ದರು. ಆಗ ಮನೆಗೆಲ್ಲ ಸೇರಿ ಎಂಟು ಬಲ್ಬು, ಒಂದು ಫ್ಯಾನು, ಒಂದು ರೇಡಿಯೋ. ಈಗ ಫ್ರಿಜ್ಜು, ಮಿಕ್ಸಿ, ವಾಷಿಂಗ್ ಮಷಿನ್, ಇಂಡಕ್ಷನ್ ಒಲೆ, ಅದರ ಮೇಲೆ 2000 ವಾಟಿನ ಗೀಸರು. ಫ್ಯೂಸ್ ಹೋದಾಗಲೆಲ್ಲ ನಮ್ಮ ಯಜಮಾನರು ಪಿಂಗಾಣಿ ಫ್ಯೂಸಿಗೆ ಒಂದೆಳೆಯ ಬದಲು ಮೂರೆಳೆ ತಂತಿ ಸುತ್ತಿ, ‘ಇನ್ನು ಹೋಗಲ್ಲ ಬಿಡು’ ಅನ್ನುತ್ತಿದ್ದರು. ನಿಜ, ಹೋಗುತ್ತಿರಲಿಲ್ಲ. ಫ್ಯೂಸ್ ಸುಡುವ ಬದಲು ಒಳಗೆ ವೈರು ಬಿಸಿಯೇರುತ್ತಿತ್ತು, ಅಷ್ಟೇ.

ವಿಷಯ ಬೆಳಕಿಗೆ ಬಂದಿದ್ದು ನಮ್ಮ ಮನೆಗೆಲಸದಾಕೆಯಿಂದ. ‘ಅಮ್ಮಾ, ಬಟ್ಟೆ ಮಷಿನ್ ಜುಮ್ ಅನ್ನುತ್ತೆ’ ಅಂತ ಆಕೆ ಎರಡು ಮೂರು ಸಲ ಹೇಳಿದ್ದಳು. ನಾನು ಮುಟ್ಟಿ ನೋಡಿದೆ, ನನಗೇನೂ ಆಗಲಿಲ್ಲ. ನನ್ನ ಕಾಲಲ್ಲಿ ರಬ್ಬರ್ ಚಪ್ಪಲಿ ಇತ್ತು. ಆಕೆ ಚಪ್ಪಲಿಯನ್ನು ಬಾಗಿಲಲ್ಲೇ ಬಿಟ್ಟು ಬರುವವಳು, ಬರಿಗಾಲು, ಮೇಲೆ ಒದ್ದೆ ನೆಲ. ಇದು ಹೊಳೆಯಲು ನನಗೆ ಹದಿನೈದು ದಿನ ಬೇಕಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಎಲೆಕ್ಟ್ರಿಷಿಯನ್ ಹುಡುಗ ಬಂದ. ಹೋಲ್ಡರಿಗೆ ನೂರು ವಾಟಿನ ಬಲ್ಬು ಹಾಕಿ, ಒಂದು ವೈರನ್ನು ಕರೆಂಟು ಬರುವ ಫೇಸಿಗೆ, ಇನ್ನೊಂದನ್ನು ಸಾಕೆಟ್ಟಿನ ಮೇಲಿನ ದಪ್ಪ ತೂತಿಗೆ, ಅಂದರೆ ಅರ್ತಿನ ತೂತಿಗೆ ಕೊಟ್ಟ. ಅರ್ತ್ ಇದ್ದಿದ್ದರೆ ಬಲ್ಬು ಹೊತ್ತಬೇಕಿತ್ತಂತೆ, ಹೊತ್ತಲೇ ಇಲ್ಲ. ಬೋರ್ಡು ಬಿಚ್ಚಿದರೆ ಆ ಮೂರನೇ ತೂತಿಗೆ ವೈರೇ ಇರಲಿಲ್ಲ. ‘ಆಂಟಿ, ಇದು ಸುಮ್ನೆ ಶೋಗೆ’ ಅಂದ.

ಬಚ್ಚಲುಮನೆಯ ಗೀಸರ್ ಪಾಯಿಂಟಿಗೂ ಅದೇ ಪರೀಕ್ಷೆ ಮಾಡಿದ. ಅಲ್ಲಿ ಬಲ್ಬು ಝಗ್ಗನೆ ಉರಿಯಿತು. ಸದ್ಯ, ಇದಾದರೂ ಸರಿ ಇದೆಯಲ್ಲ ಅಂದುಕೊಂಡೆ. ಅವನಿಗೆ ಯಾಕೋ ಅನುಮಾನ. ಬಿಚ್ಚಿ ತೋರಿಸಿದ. ಕರೆಂಟು ವಾಪಸ್ ಹೋಗುವ ನ್ಯೂಟ್ರಲ್‌ನಿಂದಲೇ ಗೇಣುದ್ದದ ತುಂಡು ವೈರು ಎಳೆದು ಅರ್ತಿನ ತೂತಿಗೆ ಕೊಟ್ಟಿದ್ದರು. ಹಿಂದೆ ಬಚ್ಚಲು ರಿಪೇರಿ ಮಾಡಿದವರ ಕೈಚಳಕ. ಮಷಿನ್ ಜುಮ್ ಅನ್ನುತ್ತಿತ್ತು, ಹಾಗಾಗಿ ಗೊತ್ತಾಯಿತು. ಗೀಸರ್ ಜುಮ್ ಅನ್ನುತ್ತಲೇ ಇರಲಿಲ್ಲ. ಆದರೆ ಎಲ್ಲೋ ಒಂದು ಕಡೆ ಆ ನ್ಯೂಟ್ರಲ್ ಸಡಿಲವಾದರೆ, ಅಥವಾ ಯಾರೋ ಫೇಸು-ನ್ಯೂಟ್ರಲ್ ಅದಲು ಬದಲು ಮಾಡಿಬಿಟ್ಟರೆ, ಗೀಸರಿನ ಮೈಗೆ, ನಲ್ಲಿಗೆ ನೇರ 230 ವೋಲ್ಟ್. ದಿನಾ ಬೆಳಿಗ್ಗೆ ಮೊಮ್ಮಗ ಆ ನಲ್ಲಿಯ ಕೆಳಗೇ ನಿಲ್ಲುತ್ತಿದ್ದ.

ಹಾಗಾದರೆ ಮನೆಯ ಅರ್ತ್ ಎಲ್ಲಿ ಹೋಯಿತು? ಹುಡುಕಿದೆವು. ಹಿತ್ತಲಲ್ಲಿ ಕನಕಾಂಬರದ ಪಾತಿಯ ಪಕ್ಕ ಒಂದು ಗುಂಡಿ ಇತ್ತು. ಕಬ್ಬಿಣದ ಪೈಪು ಇಳಿಸಿ, ಸುತ್ತ ಇದ್ದಿಲು ಮತ್ತು ಉಪ್ಪು ತುಂಬಿದ್ದು. ಬೇಸಿಗೆ ಬಂತೆಂದರೆ ಅತ್ತೆ ಅದಕ್ಕೆ ಒಂದೊಂದು ಬಿಂದಿಗೆ ನೀರು ಹೊಯ್ಯುತ್ತಿದ್ದರು. ‘ಅಜ್ಜಿ ಕರೆಂಟಿಗೆ ನೀರು ಹಾಕ್ತಾರೆ’ ಅಂತ ಮಕ್ಕಳಿಗೆ ನಗು. ನಾನೂ ನಕ್ಕಿದ್ದೇನೆ. ಮಣ್ಣು ಒಣಗಿದರೆ ಅರ್ತ್ ಕೆಲಸ ಮಾಡುವುದಿಲ್ಲ ಅಂತ ಮಾವನವರು ಹೇಳಿಕೊಟ್ಟಿದ್ದನ್ನು ಆಕೆ ಬಿಡದೆ ಪಾಲಿಸಿದ್ದರು. ಅತ್ತೆ ಹೋದ ಮೇಲೆ ಹಿತ್ತಲಿಗೆ ಕಾಂಕ್ರೀಟು ಹಾಕಿಸಿ, ಟೈಲ್ಸ್ ಕೂರಿಸಿ, ಸ್ಕೂಟರ್ ನಿಲ್ಲಿಸಿಕೊಂಡವರು ನಾವೇ.

ವೈರಿಂಗ್ ಪೂರ್ತಿ ಬದಲಾಯಿಸಿದೆವು. ಹಳೆಯ ಸುಣ್ಣದ ಗೋಡೆಯಲ್ಲಿ ವೈರಿಗಾಗಿ ಸೀಳು ಕೊರೆಯಲು ಹೋದರೆ ಹೆಂಚಿನಗಲ ಗಾರೆ ಕಿತ್ತು ಬರುತ್ತಿತ್ತು. ಹಾಗಾಗಿ ಗೋಡೆಯ ಮೇಲೇ ಪಿವಿಸಿ ಕೇಸಿಂಗ್ ಪಟ್ಟಿ ಹಾಕಿಸಿದೆವು. ನೋಡಲು ಚೆಂದವಿಲ್ಲ, ನಿಜ. ಲೈಟಿಗೆ ಒಂದೂವರೆ ಎಂಎಂ, ಸಾಕೆಟ್ಟಿಗೆ ಎರಡೂವರೆ, ಗೀಸರಿಗೆ ನಾಲ್ಕು, ಎಲ್ಲಾ ತಾಮ್ರ. ಎಲ್ಲದಕ್ಕೂ ಜೊತೆಯಲ್ಲಿ ಅರ್ತಿನ ಹಸಿರು ವೈರು. ಹೊಸ ಅರ್ತ್ ಗುಂಡಿ. ಲೋಡ್ ಹೆಚ್ಚಾದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ಚುಗಳ ಜೊತೆಗೆ 30 ಮಿಲಿಆಂಪಿನ ಒಂದು ಆರ್‌ಸಿಸಿಬಿ. ಎಂಸಿಬಿ ಇದ್ದ ಮೇಲೆ ಇದ್ಯಾಕೆ ಅಂತ ನಾನೂ ಕೇಳಿದೆ. ಎಂಸಿಬಿ ಕಾಯುವುದು ವೈರನ್ನಂತೆ. ಮನುಷ್ಯನನ್ನು ಕೊಲ್ಲಲು ಸಾಕಾಗುವ ಕರೆಂಟು ಅದಕ್ಕೆ ಲೆಕ್ಕಕ್ಕೇ ಇಲ್ಲ. ಹೋದ ಕರೆಂಟು ಪೂರ್ತಿ ವಾಪಸ್ ಬರುತ್ತಿದೆಯೋ, ನಡುವೆ ಸೋರುತ್ತಿದೆಯೋ ಅಂತ ನೋಡುವುದು ಆರ್‌ಸಿಸಿಬಿ.

ಹಾಕಿದ ಮೊದಲ ವಾರ ಅದು ನಮ್ಮನ್ನು ಗೋಳು ಹುಯ್ದುಕೊಂಡಿತು. ಹಗಲೆಲ್ಲ ಸರಿ. ಸಂಜೆ ಆರೂವರೆಗೆ ಸರಿಯಾಗಿ ಮನೆ ಪೂರ್ತಿ ಕತ್ತಲೆ. ಬೇರೆ ಒಬ್ಬರನ್ನು ಕರೆಸಿದರೆ, ‘ಹಳೇ ಮನೆಗೆ ಇದು ಆಗಿಬರಲ್ಲ, ತೆಗೆದು ನೇರ ಕೊಟ್ಟುಬಿಡ್ತೀನಿ ಮೇಡಂ’ ಅಂದರು. ಒಪ್ಪುವವಳೇ ಇದ್ದೆ. ಅಷ್ಟರಲ್ಲಿ ನಮ್ಮ ಎಲೆಕ್ಟ್ರಿಷಿಯನ್ ಹುಡುಗ ಕಾರಣ ಹಿಡಿದ. ಮಹಡಿ ಮೆಟ್ಟಿಲಿನ ಲೈಟೊಂದನ್ನು ಹಳೆಯ ವೈರಿನಲ್ಲೇ ಬಿಟ್ಟಿದ್ದೆವು. ಅದಕ್ಕೆ ಫೇಸು ನಮ್ಮ ಮೀಟರಿನದು, ನ್ಯೂಟ್ರಲ್ ಮಹಡಿ ಬಾಡಿಗೆಯವರ ಮೀಟರಿನದು! ದೀಪ ಹಚ್ಚುವ ಹೊತ್ತಿಗೆ ಅವರು ಆ ಸ್ವಿಚ್ಚು ಹಾಕುತ್ತಿದ್ದರು. ನಮ್ಮ ಕಡೆಯಿಂದ ಹೋದ ಕರೆಂಟು ಅವರ ಕಡೆ ವಾಪಸ್ಸಾಗುತ್ತಿತ್ತು. 9 ವಾಟಿನ ಎಲ್‌ಇಡಿ ಬಲ್ಬು ಎಳೆಯುವುದೇ 40 ಮಿಲಿಆಂಪಿನ ಸುತ್ತಮುತ್ತ. ಆರ್‌ಸಿಸಿಬಿಗೆ ಅದು ಸೋರಿಕೆಯಂತೆ ಕಂಡು ಬೀಳುತ್ತಿತ್ತು. ನ್ಯೂಟ್ರಲ್ ಸರಿಪಡಿಸಿದ ಮೇಲೆ ಒಂದು ಸಲವೂ ಬಿದ್ದಿಲ್ಲ. ಹಳೆಯ ಮನೆಗಳಲ್ಲಿ ಹೀಗೆ ‘ಆಗಿಬರಲಿಲ್ಲ’ ಅಂತ ಕಿತ್ತು ಹಾಕಿದ ಆರ್‌ಸಿಸಿಬಿಗಳು ಎಷ್ಟಿವೆಯೋ.

ಈಗ ನನ್ನ ಬೇಡಿಕೆ. ಹೊಸ ಮನೆಗೆ ಕರೆಂಟು ಬೇಕಾದರೆ ಲೈಸೆನ್ಸ್ ಇರುವ ಗುತ್ತಿಗೆದಾರರು ವೈರಿಂಗ್ ಸರಿ ಇದೆ ಅಂತ ಬರೆದುಕೊಡಬೇಕು. ಆದರೆ ಎಂಟು ಬಲ್ಬು, ಒಂದು ರೇಡಿಯೋ ನೋಡಿ ಒಪ್ಪಿದ ಮನೆಯನ್ನು ಆಮೇಲೆ ಯಾರೂ ತಿರುಗಿ ನೋಡಿಲ್ಲ. ನಮ್ಮ ಮನೆಯ ಮೀಟರ್ ಎರಡು ಸಲ ಬದಲಾಯಿತು. ವಿದ್ಯುತ್ ಕಂಪನಿಯಿಂದ ಬಂದವರು ಮೀಟರ್ ಕೂರಿಸಿ, ಸೀಲು ಹಾಕಿ ಹೋದರು. ಮೀಟರಿನಿಂದಾಚೆ ಮನೆಯವರ ಜವಾಬ್ದಾರಿ ಅನ್ನುವುದು ನನಗೂ ಗೊತ್ತು. ರಿಪೇರಿ ಮಾಡಿಕೊಡಿ ಅನ್ನುತ್ತಿಲ್ಲ. ಮೀಟರ್ ಬದಲಿಸುವ ದಿನ ಹೇಗೂ ಏಣಿ, ಟೆಸ್ಟರು ಹಿಡಿದು ಬಂದಿರುತ್ತಾರೆ. ಐದು ನಿಮಿಷ ಅರ್ತ್ ಅಳೆದು, ‘ಇದೆ’ ಅಥವಾ ‘ಇಲ್ಲ’ ಅಂತ ಒಂದು ಚೀಟಿ ಕೊಟ್ಟರೆ ಸಾಕು. ಗೃಹಜ್ಯೋತಿಯ ಸೊನ್ನೆ ಬಿಲ್ಲಿನ ಹಿಂದೆ ಬರೆದುಕೊಟ್ಟರೂ ಆದೀತು.

ನಿಮ್ಮಲ್ಲೂ ಒಂದು ಮಾತು. ವಾರದ ಪುರವಣಿಯಲ್ಲಿ ಟೈಲ್ಸ್, ಮಾಡ್ಯುಲರ್ ಅಡುಗೆಮನೆ, ಬಾಲ್ಕನಿ ಗಿಡ ಅಂತ ಬಣ್ಣಬಣ್ಣದ ಪುಟ ಬರುತ್ತದಲ್ವಾ? ಒಂದು ವಾರ ಅದರಲ್ಲಿ ಅರ್ಧ ಪುಟವನ್ನು ಹಳೆಯ ಮನೆಗಳ ವೈರಿಂಗಿಗೆ ಕೊಡಿ. ಬಲ್ಬು ಹಿಡಿದು ಪರೀಕ್ಷೆ ಮಾಡುವುದು ಮನೆಯವರ ಕೆಲಸವಲ್ಲ, ಬೋರ್ಡು ಬಿಚ್ಚಿ ನೋಡುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿ ಅನ್ನುವುದನ್ನೂ ಅದರಲ್ಲಿ ಸೇರಿಸಿ.

ಇತಿ,
ನಿವೃತ್ತ ಶಾಲಾ ಶಿಕ್ಷಕಿ,
ಕೃಷ್ಣಮೂರ್ತಿಪುರಂ, ಮೈಸೂರು