ಉಬ್ಬಿದ ನರಕ್ಕೆ ಕೊಯ್ಯುವುದೊಂದೇ ದಾರಿಯಲ್ಲ

ಸಂಪಾದಕರೇ,

ನಾನು ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ 22 ವರ್ಷಗಳಿಂದ ಇಸ್ತ್ರಿ ಮಾಡುತ್ತಿದ್ದೇನೆ. ದಿನಕ್ಕೆ ಹತ್ತು ತಾಸು ನಿಂತೇ ಕೆಲಸ. ಎಡಗಾಲಿನ ಮೀನಖಂಡದಲ್ಲಿ ರಕ್ತದ ನರ ಹಗ್ಗದ ಹಾಗೆ ಉಬ್ಬಿತ್ತು. ಸಂಜೆಯಾದರೆ ಕಾಲು ಭಾರ, ರಾತ್ರಿ ಸೆಳೆತ. ಆಪರೇಷನ್‌ಗೆ ಹೆದರಿ ಸುಮ್ನೆ ಎಣ್ಣೆ ಹಚ್ಚಿಕೊಂಡು ಆರು ವರ್ಷ ತಳ್ಳಿದೆ. ಕೊನೆಗೆ ಪಾದದ ಗಂಟಿನ ಮೇಲೆ ಚರ್ಮ ಕಪ್ಪಾಗಿ ಹುಣ್ಣಾಯಿತು.

ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ನೋಡಿದ ವೈದ್ಯರು ತಿಳಿಸಿ ಹೇಳಿದರು. ನರದೊಳಗೆ ಮೇಲೇರಿದ ರಕ್ತ ಕೆಳಗಿಳಿಯದಂತೆ ತಡೆಯುವ ಕವಾಟಗಳು ಕೆಟ್ಟಿದ್ದವಂತೆ. ಈಗ ಕೊಯ್ದು ನರ ಎಳೆದು ತೆಗೆಯಲೇಬೇಕು ಅಂತಿಲ್ಲ. ಸೂಜಿ ಚುಚ್ಚಿದಷ್ಟು ಜಾಗದಿಂದ ತೆಳು ತಂತು ತೂರಿಸಿ, ಲೇಸರ್ ಅಥವಾ ರೇಡಿಯೊ ತರಂಗದ ಬಿಸಿಯಿಂದ ಕೆಟ್ಟ ನರವನ್ನು ಒಳಗೇ ಮುಚ್ಚುತ್ತಾರೆ. ಕೆಲವರಿಗೆ ನೊರೆಯಂಥ ಔಷಧಿಯ ಇಂಜೆಕ್ಷನ್ ಕೊಡುತ್ತಾರೆ. ರಕ್ತ ಬೇರೆ ನರಗಳಲ್ಲಿ ಹರಿಯುತ್ತದೆ. ನನಗೆ ಲೇಸರ್ ಮಾಡಿದರು. ಕಾಲಿಗಷ್ಟೇ ಮರಗಟ್ಟಿಸಿದ್ದರು. ಅವತ್ತೇ ಸಂಜೆ ಬಿಗಿ ಕಾಲುಚೀಲ ಹಾಕಿಕೊಂಡು ನಡೆದೇ ಮನೆಗೆ ಬಂದೆ!

ಆದರೆ ಖರ್ಚಿಗೆ ಹೆಂಡತಿಯ ಸರ ಅಡವಿಡಬೇಕಾಯಿತು. ನಿಂತು ದುಡಿಯುವವರು ನಮ್ಮೂರಲ್ಲಿ ಬಹಳ ಜನ ಇದ್ದಾರೆ, ಅಲ್ವಾ? ಸರ್ಕಾರಿ ಆಸ್ಪತ್ರೆಯವರು ಘಟಕಗಳಿಗೇ ಬಂದು ಕಾಲು ತಪಾಸಣೆ ಮಾಡಲಿ. ಮಾಲೀಕರು ನಡುನಡುವೆ ಕೂರಲು ಒಂದೊಂದು ಸ್ಟೂಲ್ ಕೊಡಲಿ.

– ಒಬ್ಬ ಇಸ್ತ್ರಿ ಕೆಲಸಗಾರ, ಬಳ್ಳಾರಿ