ಅಡ್ವಾನ್ಸ್ ಕಟ್ಬೇಡ ಪುಟ್ಟಿ

ಪುಟ್ಟೀ,

ನಿನ್ನೆ ಫೋನಲ್ಲಿ ನೀನು ಅಳೋಕೆ ಶುರು ಮಾಡಿದ್ಮೇಲೆ ನಂಗೆ ಏನೂ ಹೇಳೋಕಾಗ್ಲಿಲ್ಲ, ಅದಕ್ಕೇ ಈಗ ಕೂತು ಟೈಪ್ ಮಾಡ್ತಿದೀನಿ, ನಿಧಾನಕ್ಕೆ ಓದು. ನನ್ನ ಮಂಡಿಯ ಎರಡನೇ ಆಪರೇಷನ್‌ಗೆ ಅಡ್ವಾನ್ಸ್ ಕಟ್ಬೇಡ. ನೋವಿದೆ, ಇಲ್ಲ ಅನ್ನಲ್ಲ, ಮಂಡಿಯ ಸವೆದ ಒಂದು ಭಾಗ ಮಾತ್ರ ಬದಲಾಯಿಸಿ ಎಂಟು ತಿಂಗಳಾದ್ರೂ ಮೆಟ್ಟಿಲು ಇಳಿಯುವಾಗ ಮಂಡಿ ಒಳಗಡೆ, ಸ್ವಲ್ಪ ಕೆಳಕ್ಕೆ, ಚುಚ್ಚತ್ತೆ. ಆದ್ರೆ ಯಾಕೆ ಅಂತ ಗೊತ್ತಾಗೋ ಮುಂಚೆ ಹಾಕಿರೋದನ್ನ ಕಿತ್ತು ಫುಲ್ ಮಂಡಿ ಹಾಕ್ಸ್ಕೊಳೋಕೆ ನಾನು ತಯಾರಿಲ್ಲ.

ಮೊದಲು ತೋರಿಸಿದ ಡಾಕ್ಟ್ರು ಎಕ್ಸ್‌ರೇ ಎತ್ತಿ ಹಿಡಿದು, ಕೆಳಗಿನ ಮೂಳೆ ಮೇಲೆ ಕೂರಿಸಿರೋ ಲೋಹದ ತಟ್ಟೆ ಕೆಳಗೆ ಕಪ್ಪು ಗೆರೆ ಇದೆ, ಲೂಸ್ ಆಗಿದೆ, ಬದಲಾಯಿಸ್ಬೇಕು ಅಂದ್ಬಿಟ್ರು. ಕಾಲು ಮುಟ್ಟೂ ನೋಡ್ಲಿಲ್ಲ. ಆವತ್ತಿನಿಂದ ನಂಗೂ ನಿನಗೂ ನಿದ್ದೆ ಇಲ್ಲ.

ಶುಕ್ರವಾರ ಅಪ್ಪನ ಜೊತೆ ಶಿವಮೊಗ್ಗದಿಂದ ರೈಲಲ್ಲಿ ಬೆಂಗಳೂರಿಗೆ ಹೋಗಿ ಇನ್ನೊಬ್ರಿಗೆ ತೋರಿಸಿದ್ವಿ. ಅವ್ರು ಎಕ್ಸ್‌ರೇ ಪಕ್ಕಕ್ಕಿಟ್ಟು ಮೊದಲು ಕೇಳಿದ್ದೇ, ಎಲ್ಲಿ ನೋವು ಒಂದೇ ಬೆರಳಲ್ಲಿ ತೋರಿಸಿ ಅಮ್ಮ ಅಂತ. ನಾನು ಅಂಗೈ ಪೂರ್ತಿ ಇಟ್ಟೆ. ಇಲ್ಲ, ಒಂದೇ ಬೆರಳು ಅಂದ್ರು. ಆಮೇಲೆ ಮಲಗಿಸಿ ಸೊಂಟದ ಕೀಲು ತಿರುಗಿಸಿ ನೋಡಿದ್ರು, ಸೊಂಟ ಸವೆದ್ರೂ ಎಷ್ಟೋ ಜನಕ್ಕೆ ನೋವು ಮಂಡೀಲೇ ಬರತ್ತಂತೆ, ಬೆನ್ನಿಂದ್ಲೂ ಬರ್ಬಹುದಂತೆ, ಅವೆರಡೂ ಸರಿ ಇತ್ತು. ಮಂಡಿನ ಆಕಡೆ ಈಕಡೆ ಒತ್ತಿ ಲಿಗಮೆಂಟ್ ನೋಡಿದ್ರು, ಕಾರಿಡಾರಲ್ಲಿ ನಡೆಸಿದ್ರು. ಗಾಯದ ಹೊರಗಡೆ ಚರ್ಮ ಜೋಮು ಹಿಡಿದ ಹಾಗಿದೆ ಅಂದಿದ್ದಕ್ಕೆ ಅದು ಚರ್ಮದ ಸಣ್ಣ ನರ ಕಟ್ಟಾಗಿರೋದು, ಕೀಲಿಗೇನೂ ಸಂಬಂಧ ಇಲ್ಲ ಅಂದ್ರು.

ಆಮೇಲೆ ಎಕ್ಸ್‌ರೇ. ನಿಲ್ಲಿಸಿ, ಭಾರ ಹಾಕಿಸಿ, ಕಿರಣ ಆ ತಟ್ಟೆಗೆ ನೇರಕ್ಕೆ ಬೀಳೋ ಹಾಗೆ ಮತ್ತೆ ತೆಗೆಸಿದ್ರು, ಸ್ವಲ್ಪ ಓರೆಯಾದ್ರೆ ಗೆರೆ ಸರಿಯಾಗಿ ಕಾಣಲ್ಲ. ನಂದು ಆಕ್ಸ್‌ಫರ್ಡ್ ಮಾದರಿ, 1982ರಿಂದ ಒಂದು ಭಾಗ ಮಾತ್ರ ಸವೆದವ್ರಿಗೆ ಹಾಕ್ತಿರೋದು, ಎರಡು ಲೋಹದ ಮಧ್ಯೆ ಪ್ಲಾಸ್ಟಿಕ್ ಬಿಲ್ಲೆ ಜಾರಾಡ್ತಿರತ್ತೆ. ಅದರಲ್ಲಿ ಕೆಳಗಿನ ತಟ್ಟೆ ಅಡಿ ತೆಳ್ಳಗೆ ಕಪ್ಪು ಗೆರೆ, ಅದಕ್ಕಂಟಿ ಬಿಳಿ ಗೆರೆ ತುಂಬಾ ಜನಕ್ಕೆ ಬರತ್ತೆ, ಎರಡು ಮಿಲಿಮೀಟರ್ ಒಳಗಿದ್ದು ಹಾಗೇ ನಿಂತಿದ್ರೆ ಅದು ಲೂಸ್ ಅಲ್ಲ ಅಂತ ಬಿಡಿಸಿ ಹೇಳಿದ್ರು. ದಪ್ಪ ಆಗ್ತಾ ಹೋದ್ರೆ, ಅಂಚು ಮಸುಕಾದ್ರೆ, ತಟ್ಟೆ ವಾಲಿದ್ರೆ ಆಗ ಯೋಚನೆ. ಅದು ಗೊತ್ತಾಗ್ಬೇಕಂದ್ರೆ ಹಳೇ ಫೋಟೋ ಪಕ್ಕದಲ್ಲಿಟ್ಟು ನೋಡ್ಬೇಕು, ಬೇರೆ ದಾರಿ ಇಲ್ಲ.

ಮೈಯಲ್ಲಿ ಉರಿಯೂತ ಇದ್ಯಾ ಅಂತ ತೋರಿಸೋ ರಕ್ತ ಪರೀಕ್ಷೆ ಇಎಸ್‌ಆರ್, ಸಿಆರ್‌ಪಿ ಎರಡೂ ಮಾಡಿಸಿದ್ರು, ನಾರ್ಮಲ್ ಬಂತು. ಏರಿದ್ರೆ ಮಂಡಿಗೆ ಸೂಜಿ ಹಾಕಿ ನೀರು ತೆಗೆದು ಇನ್‌ಫೆಕ್ಷನ್ ನೋಡ್ತಿದ್ರು. ನಮ್ಮೂರ ಕ್ಲಿನಿಕ್ಕಲ್ಲಿ ಕೊಟ್ಟ ಆಂಟಿಬಯಾಟಿಕ್ ನುಂಗಿದ್ನಲ್ಲ, ಅದಕ್ಕೆ ಸರಿಯಾಗಿ ಬೈಸ್ಕೊಂಡೆ, ನೀರು ಪರೀಕ್ಷೆಗೆ ಮುಂಚೆ ಅದನ್ನ ತಗೊಂಡ್ರೆ ಕ್ರಿಮಿ ಇದ್ರೂ ಬೆಳೆಯದೇ ರಿಪೋರ್ಟ್ ಸುಳ್ಳಾಗ್ಬಹುದು. ಮೂಳೆ ಎಲ್ಲಿ ಹೆಚ್ಚು ಚುರುಕಾಗಿದೆ ಅಂತ ತೋರಿಸೋ ಬೋನ್ ಸ್ಕ್ಯಾನ್ ಮಾಡಿಸೋಣ್ವಾ ಅಂತ ಅಪ್ಪ ಕೇಳಿದ್ರು, ಆಪರೇಷನ್ ಆಗಿ ಒಂದು ವರ್ಷದ ಮೇಲೂ ಅದು ಹಾಗೇ ಚುರುಕಾಗಿದೆ ಅಂತ ತೋರಿಸ್ಬಹುದು, ಅದರಿಂದ ಈಗ ಏನೂ ಗೊತ್ತಾಗಲ್ಲ ಅಂದ್ರು.

ನಾನು ಬೆರಳಿಟ್ಟ ಜಾಗದಲ್ಲಿ ಮೂಳೆ ಹೊಸ ಭಾರಕ್ಕೆ ಇನ್ನೂ ಒಗ್ಗಿಕೊಳ್ತಾ ಇದೆ ಅಂತ ಅವರ ಅಭಿಪ್ರಾಯ, ಮೊದಲ ವರ್ಷ ಹೀಗೆ ಕಾಡಿ ಆಮೇಲೆ ಸುಮಾರು ಜನಕ್ಕೆ ತಾನೇ ಇಳಿಯತ್ತಂತೆ. ತೊಡೆ ಸ್ನಾಯುಗೆ ವ್ಯಾಯಾಮ ಕೊಟ್ಟಿದ್ದಾರೆ. ಹಾಲಿನ ಲೆಕ್ಕ ಬರೆಯೋ ಕ್ಯಾಲೆಂಡರ್ ಇದ್ಯಲ್ಲ, ಅದರ ಹಿಂದೆ ದಿನಾ ನೋವು ಹತ್ತಕ್ಕೆ ಎಷ್ಟು ಅಂತ ಬರೀತಿದೀನಿ. ಆರರಿಂದ ನಾಲ್ಕಕ್ಕೆ ಬಂದಿದೆ ಕಣೇ.

ಒಂದು ಮಾತ್ರ ನೆನಪಿಟ್ಕೋ, ನಾನು ತಡ ಮಾಡಿದ್ರೆ ನೀನು ಬಿಡ್ಬೇಡ. ಟಕ್ ಅಂತ ಸದ್ದಾಗಿ ಮಂಡಿ ಹಿಡ್ಕೊಂಡ್ಬಿಟ್ರೆ ಬಿಲ್ಲೆ ಜಾರಿರ್ಬಹುದು, ಚೆನ್ನಾಗಿ ನಡೀತಿದ್ದಾಗ ಇದೇ ಕಾಲಲ್ಲಿ ದಿಢೀರಂತ ಊರೋಕಾಗದಷ್ಟು ನೋವಾದ್ರೆ ಕೆಳಗಿನ ಮೂಳೆ ಸೀಳಿರ್ಬಹುದು, ಜ್ವರ ಬಂದು ಮಂಡಿ ಕೆಂಪಾದ್ರೆ ಇನ್‌ಫೆಕ್ಷನ್, ಮೂರರಲ್ಲಿ ಯಾವುದಾದ್ರೂ ಅವತ್ತೇ ಹೋಗ್ಬೇಕು.

ಇನ್ನು ನಿನ್ನ ಕೆಲಸ. ಆಪರೇಷನ್ ಆದ ಮೂರನೇ ದಿನ ವಾರ್ಡಲ್ಲಿ ನನ್ನ ಎಕ್ಸ್‌ರೇನ ಕಿಟಕಿಗೆ ಹಿಡಿದು ನಿನ್ನ ಫೋನಲ್ಲಿ ಫೋಟೋ ತೆಗ್ದಿದ್ದೆ, ಹುಡುಕಿ ಕಳಿಸು. ಆ ಫಿಲ್ಮ್ ಮನೇಲಿ ಎಲ್ಲೂ ಸಿಗ್ತಿಲ್ಲ, ಮುಂದಿನ ತಿಂಗಳು ಹೋಗುವಾಗ ಅವರಿಗೆ ಅದೇ ಬೇಕಂತೆ.

ಅಮ್ಮ